ತಿಪ್ಪೆಗೊಂದು, ತೊಟ್ಟಿಗೊಂದು ದೀಪ

ಸಿಂಧಘಟ್ಟದ ನಮ್ಮ ಪಕ್ಕದ ಮನೆಯ ಅಜ್ಜಿ ಬೆಳಿಗ್ಗೆ ಎದ್ದವರೇ ತಮ್ಮ ತಿಪ್ಪೆಯೊಳಕ್ಕೆ ಮೊಣಕೈವರೆಗೆ ಕೈ ತೂರಿಸುತ್ತಿದ್ದರು. ಬಿಸಿ ತಾಗಿದರೆ, "ಜೀವ ಐತೆ ಕಣವ್ವ" ಎನ್ನುತ್ತಿದ್ದರು.

ನನ್ನ ಹೊಸ ಎರೆಹುಳು ಗೊಬ್ಬರದ ತೊಟ್ಟಿಗೂ ಕೈಯಿಟ್ಟು, "ತಣ್ಣಗೈತಲ್ಲವ್ವ, ಜೀವನೇ ಇಲ್ಲ" ಎಂದು ಮುಖ ಸಿಂಡರಿಸಿದರು. ಮಾರನೆಯ ದಿನ ನಾನಿಲ್ಲದಾಗ, ಜೀವ ಬರಲೆಂದು, ತಿಪ್ಪೆಯಿಂದ ಹಬೆಯಾಡುವ ಗೊಬ್ಬರವನ್ನು ಒಂದು ಮಂಕರಿ ತಂದು ಅದರೊಳಗೆ ಸುರಿದರು. ಬಿಸಿ ತಾಳದ ಹುಳುಗಳು ಗೋಡೆ ಹತ್ತಿ ಹೊರಬಂದವು. ನಾನು ಬಂದಾಗ ಅಜ್ಜಿ ಅವನ್ನು ಒಂದೊಂದಾಗಿ ಒದ್ದೆ ಗೋಣಿಚೀಲಕ್ಕೆ ಎತ್ತಿಡುತ್ತಿದ್ದರು. "ತಣ್ಣಗಿದ್ರೇನೇ ಇವಕ್ಕೆ ಜೀವ ಕಣವ್ವ."

ದೀಪಾವಳಿಯಲ್ಲಿ ತಿಪ್ಪೆಯ ಮೇಲೊಂದು ದೀಪ ಇಡುವುದು ನಮ್ಮ ಕಡೆಯ ವಾಡಿಕೆ. ಆ ವರ್ಷ ಅಜ್ಜಿ ನನ್ನ ತೊಟ್ಟಿಗೂ ದೀಪ ತಂದರು. ಬಗ್ಗಿ ಇಡಹೋದವರು, "ಇವಕ್ಕೆ ಸೆಕೆ ಆದಾತು" ಎಂದು ದೂರದ ಕಲ್ಲಿನ ಮೇಲಿಟ್ಟರು.

ಅವರಿಲ್ಲದ ಈಗಲೂ ನನ್ನ ದೀಪ ಆ ಕಲ್ಲಿನ ಮೇಲೆಯೇ ಉರಿಯುತ್ತದೆ.