ನಡೆದು ಬಂದವರು, ಎತ್ತಿಸಿಕೊಂಡು ಬಂದವರು

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ಹೆಂಗಸನ್ನು ಎಲ್ಲರೂ ಫೈಲಕ್ಕ ಅನ್ನುತ್ತಿದ್ದರು. ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು. ಅವಳಿಗೊಂದು ಚಾಳಿ. ಹೊಸ ರೋಗಿ ಬಂದರೆ ಫೈಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದಕ್ಷರ ಬರೆಯುವುದು: ನಡೆದು ಬಂದವರಿಗೆ ‘ನ’, ಎತ್ತಿಸಿಕೊಂಡು ಬಂದವರಿಗೆ ‘ಎ’. ಗಾಲಿಕುರ್ಚಿ ಕಳಿಸಬೇಕೋ ಬೇಡವೋ ಎಂದು ತಿಳಿಯಲು, ಅಷ್ಟೇ. ಫೈಲು ಗೀಚಬೇಡ ಎಂದು ಮೇಲಿನವರು ಬೈದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು.

ಸ್ನಾಯು ಸೊರಗುವ ಅಪರೂಪದ ಕಾಯಿಲೆಯೊಂದಿತ್ತು. ಅಷ್ಟು ವರ್ಷಕ್ಕೆ ಎಲ್ಲ ಸೇರಿ ಎಂಬತ್ತಾರು ಜನ ಬಂದಿದ್ದರು. ಅವರಲ್ಲಿ ಫೈಲಕ್ಕನ ತಂಗಿಯ ಮಗಳೂ ಒಬ್ಬಳು. ವರ್ಷದಿಂದ ಒಂದು ಮಾತ್ರೆ ನುಂಗುತ್ತ ಸ್ವಲ್ಪಸ್ವಲ್ಪವೇ ಚೇತರಿಸಿಕೊಳ್ಳುತ್ತಿದ್ದಳು.

ಒಂದು ಸೋಮವಾರ ಹಳೆಯ ಫೈಲು ಕೇಳಿಕೊಂಡು ಬಂದ ಅಂಕಿಅಂಶದ ಮೇಡಂ ಅಂದರು: “ಆ ಮಾತ್ರೆ ತಗೊಂಡವರೇ ಜಾಸ್ತಿ ಸತ್ತಿದ್ದಾರೆ. ಶುಕ್ರವಾರದ ಸಭೆಯಲ್ಲಿ ನಿಲ್ಲಿಸ್ತಾರೆ.”

ಫೈಲಕ್ಕನ ಜೀವ ಬಾಯಿಗೆ ಬಂತು. ಆದರೂ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಅವಳಲ್ಲ.

“ಮೇಡಂ, ಅದನ್ನ ಯಾರಿಗೆ ಕೊಡ್ತಿದ್ರು ಗೊತ್ತಾ? ಎತ್ತಿಸಿಕೊಂಡು ಬಂದವರಿಗೇ ಹೆಚ್ಚು. ನಡೆಯೋರಿಗೆ ವ್ಯಾಯಾಮ ಮಾಡಿ ಅಂತ ಹೇಳಿ ಕಳಿಸೋರು. ಕೊಡೆ ಹಿಡಿದೋರೇ ನೆಂದಿದ್ದಾರೆ ಅಂತ ಕೊಡೆನ ಬೈದ ಹಾಗಾಯ್ತು!”

ಮೇಡಂ ನಕ್ಕರು, ಆಮೇಲೆ ನಗು ನಿಲ್ಲಿಸಿದರು. “ಮೊದಲ ದಿನ ಯಾರು ಹೇಗಿದ್ರು ಅನ್ನೋದು ಕಂಪ್ಯೂಟರಲ್ಲಿ ಇಲ್ವಲ್ಲ ಅಕ್ಕ?”

“ಮೂಲೆಯಲ್ಲಿದೆ.”

ಮೂರು ದಿನ ಇಬ್ಬರೂ ಧೂಳು ಕುಡಿದರು. ಮಾತ್ರೆ ತಗೊಂಡ ‘ಎ’ಗೆ ತಗೊಳ್ಳದ ‘ಎ’, ‘ನ’ಗೆ ‘ನ’, ವಯಸ್ಸೂ ಹತ್ತಿರವಿರುವಂತೆ ಜೋಡಿ ಮಾಡಿದರು. ಮಗಳಿಗೆ ಗಂಡು ಹುಡುಕುವವರೂ ಇಷ್ಟು ತಡಕಾಡಲಿಕ್ಕಿಲ್ಲ. ಜೋಡಿ ಸಿಗದ ಫೈಲುಗಳನ್ನು ಪಕ್ಕಕ್ಕಿಟ್ಟರು.

ಗುರುವಾರ ಸಂಜೆ ಮೇಡಂ ಕನ್ನಡಕ ತೆಗೆದರು. “ಸಮಕ್ಕೆ ಸಮ ಇಟ್ಟು ನೋಡಿದ್ರೆ ಮಾತ್ರೆ ತಗೊಂಡವರೇ ಹೆಚ್ಚು ಬದುಕಿದ್ದಾರೆ. ಜನ ಕಡಿಮೆ, ಗೆದ್ವಿ ಅನ್ನೋ ಹಾಗಿಲ್ಲ. ಆದರೆ ನಿಲ್ಲಿಸೋಕೆ ಕಾರಣವೂ ಉಳಿದಿಲ್ಲ.”

ಮರುದಿನ ಸಭೆಯೂ ಅದನ್ನೇ ಒಪ್ಪಿತು. ಸುದ್ದಿ ಕೇಳಿ ಫೈಲಕ್ಕನಿಗೆ ಹೋದ ಜೀವ ಬಂದಂತಾಯಿತು. ಕಪಾಟಿಗೆ ಒರಗಿ ಗಳಗಳ ಅತ್ತಳು, ಅಳುತ್ತಲೇ ನಕ್ಕಳು.

ಮುಂದಿನ ವಾರ ಹುಡುಗಿಯ ತಪಾಸಣೆ. ಫೈಲಕ್ಕ ಅವಳ ಫೈಲು ತೆಗೆದಿಟ್ಟಿದ್ದಳು. ಮೂಲೆಯಲ್ಲಿ ತಾನೇ ಬರೆದ ‘ಎ’ ಇತ್ತು.

“ದೊಡ್ಡಮ್ಮ, ಗಾಲಿಕುರ್ಚಿ ಬೇಡ.”

ಬಾಗಿಲಲ್ಲಿ ಹುಡುಗಿ ಗೋಡೆ ಹಿಡಿದು ನಿಂತಿದ್ದಳು. ಫೈಲಕ್ಕ ಹಳೆಯ ಅಕ್ಷರ ಅಳಿಸಲಿಲ್ಲ, ಮೇಡಂ ಲೆಕ್ಕಕ್ಕೆ ಬೇಕಲ್ಲ. ಅದರ ಪಕ್ಕದಲ್ಲಿ, ಈ ಸಲ ಪೆನ್ನಿನಲ್ಲಿ, ‘ನ’ ಬರೆದಳು.