ಪರದೆಯ ಬಲಗಡೆ ಕುಣಿದವರು

ನಾನು ಓದು ಬಿಟ್ಟದ್ದು ೧೯೯೧ರಲ್ಲಿ, ಒಂಬತ್ತನೇ ತರಗತಿಯ ನಡುವೆ. ಶಿವಮೊಗ್ಗದ ಸವಳಂಗ ರಸ್ತೆಯ ಟಿವಿ ರಿಪೇರಿ ಅಂಗಡಿಯೊಂದರಲ್ಲಿ ಕಸ ಗುಡಿಸುವುದರಿಂದ ಶುರು ಮಾಡಿ ಕೆಲಸ ಕಲಿತೆ. ಕಾರಣವಿಲ್ಲದೆ ಯಾವುದೂ ಕೆಡುವುದಿಲ್ಲ ಎಂಬುದು ಆ ಕಸುಬು ಕಲಿಸಿದ ಬುದ್ಧಿ. ಯಾರಾದರೂ ದೆವ್ವ, ಗಾಳಿ ಎಂದು ಕಥೆ ಹೇಳಿದರೆ "ವೈರ್ ಎಲ್ಲೋ ಲೂಸ್ ಆಗಿರ್ತದೆ, ನೋಡಿ" ಎಂದು ನಗುತ್ತಿದ್ದೆ. ಈಗಲೂ ದೆವ್ವವನ್ನು ನಂಬುವವನಲ್ಲ. ಆದರೆ ಭದ್ರಾವತಿಯಲ್ಲಿ ಒಂದು ಸಂಜೆ ಕಂಡದ್ದನ್ನು ಮುಚ್ಚಿಟ್ಟರೆ ನಿಮಗೆ ಸುಳ್ಳು ಹೇಳಿದ ಹಾಗಾಗುತ್ತದೆ.

ಆ ಹೊತ್ತಿಗೆ ಆಲ್ಕೊಳದಲ್ಲಿ ನನ್ನದೇ ಅಂಗಡಿ ಇತ್ತು. ಸಮಾರಂಭಗಳಿಗೆ ಮೈಕು, ಲೈಟು ಬಾಡಿಗೆಗೆ ಕೊಡುತ್ತಿದ್ದೆ. ಎರಡು ಸಾವಿರದ ಆರರ ಸುಮಾರಿಗೆ ಬೆಂಗಳೂರಿನಿಂದ ಕುಣಿಯುವ ವಿಡಿಯೋ ಗೇಮ್ ಒಂದನ್ನು ತಂದೆ. ಟಿವಿಯ ಮೇಲೆ ಸಣ್ಣದೊಂದು ಕ್ಯಾಮೆರಾ. ಎದುರು ನಿಂತರೆ ನೀವೇ ಟಿವಿಯೊಳಗೆ ಕಾಣುತ್ತೀರಿ. ಹಾಡಿನ ತಾಳಕ್ಕೆ ಸುತ್ತ ಚುಕ್ಕಿಗಳು ಮಿನುಗುತ್ತವೆ. ಸರಿಯಾದ ಹೊತ್ತಿಗೆ ಕೈ ಬೀಸಿದರೆ ಅವು ಒಡೆದು ಪಾಯಿಂಟ್ ಬೀಳುತ್ತದೆ. ಇಬ್ಬರೂ ಆಡಬಹುದು, ಎಡಗಡೆ ಒಬ್ಬರು, ಬಲಗಡೆ ಒಬ್ಬರು. ಜೊತೆಗೆ ಬಂದ ಇಂಗ್ಲಿಷ್ ಪುಸ್ತಕ ನನಗೆ ಓದಲು ಬರಲಿಲ್ಲ. ಒಂದೊಂದೇ ಗುಂಡಿ ಒತ್ತಿ ಒತ್ತಿ ಕಲಿತೆ. ವಿದ್ಯಾನಗರದ ದೊಡ್ಡ ಮನೆಗಳ ಹುಟ್ಟುಹಬ್ಬಗಳಿಗೆಲ್ಲ ನನ್ನನ್ನೇ ಕರೆಯುತ್ತಿದ್ದರು. ಆ ಹೆಮ್ಮೆ ನನಗೆ ಇತ್ತು, ಇದೆ.

ಆ ಕ್ಯಾಮೆರಾಕ್ಕೆ ಮನುಷ್ಯರ ಗುರುತಿಲ್ಲ, ಅಲುಗಿದ್ದೆಲ್ಲ ಅದಕ್ಕೆ ಆಟಗಾರನೇ. ಹಾಗಾಗಿ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಕರ್ಟನ್ ಗಂಟು ಕಟ್ಟಿ, ಕನ್ನಡಿಗೆ ಬಟ್ಟೆ ಹೊದಿಸಿದ ಮೇಲೆಯೇ ನಾನು ಸ್ವಿಚ್ ಹಾಕುವುದು. "ದುಡ್ಡು ಕೊಟ್ಟು ಬೇಯಬೇಕಾ ಮಾರಾಯ?" ಎಂದು ಜನ ಬೈದರೂ ಬಿಡುತ್ತಿರಲಿಲ್ಲ.

ಅಂದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಕ್ರೇನ್ ಆಪರೇಟರ್ ಗಂಗಾಧರಪ್ಪನವರ ರಿಟೈರ್‌ಮೆಂಟ್ ಪಾರ್ಟಿ. ನಾನು ವೈರ್ ಎಳೆಯುತ್ತಿದ್ದಾಗ ಅವರ ಹೆಂಡತಿ ಗಿರಿಜಮ್ಮ ಹತ್ತಿರ ಬಂದು, "ಹೆಂಗಾದ್ರೂ ಮಾಡಿ ಇವ್ರನ್ನ ಒಂದ್ಸಲ ಕುಣಿಸಪ್ಪ. ಮುನುಸ್ವಾಮಣ್ಣ ಮಲಗಿದಾಗಿಂದ ಇವ್ರ ಮುಖದಲ್ಲಿ ನಗುನೇ ಇಲ್ಲ" ಅಂದರು.

ಮುನುಸ್ವಾಮಿ ಹಿಂದಿನ ಸಾಲಿನ ಕ್ವಾರ್ಟರ್ಸಿನವರು, ಇವರ ಜೊತೆಗೇ ಕೆಲಸ ಮಾಡಿದವರು. ಕಾಲೊನಿಯ ಗಣಪತಿ ಬಿಡುವಾಗ ಪ್ರತಿ ವರ್ಷ ತಮಟೆಯ ಮುಂದೆ ಇವರಿಬ್ಬರದೇ ಜೋಡಿ ಕುಣಿತ. ಆಮೇಲೆ ಮುನುಸ್ವಾಮಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದರು. ಅವರನ್ನು ಹಾಗೆ ನೋಡಲಾರೆ ಎಂದು ಗಂಗಾಧರಪ್ಪ ಆ ಮನೆಗೆ ಕಾಲಿಟ್ಟೇ ಇರಲಿಲ್ಲ. ಮುಂದಿನ ವಾರ ಕ್ವಾರ್ಟರ್ಸ್ ಖಾಲಿ ಮಾಡಿ ಶಿವಮೊಗ್ಗಕ್ಕೆ ಹೊರಡುವವರಿದ್ದರು.

"ನೋಡ್ದೆ ಹೊರಟ್ರೆ ಜೀವ ಇರೋವರ್ಗೂ ಕೊರಗ್ತಾರೆ," ಎಂದರು ಗಿರಿಜಮ್ಮ.

ಹುಡುಗರ ಆಟ ಮುಗಿದ ಮೇಲೆ ಎಲ್ಲರೂ ಗಂಗಾಧರಪ್ಪನವರನ್ನು ಎಳೆದರು. "ಒಬ್ನೇ ಕುಣಿದು ಅಭ್ಯಾಸ ಇಲ್ಲ ಕಣ್ರಯ್ಯ" ಎಂದು ಅವರು ಕೈ ಕೊಡವಿಕೊಂಡರು.

"ಇಷ್ಟು ವರ್ಷ ಅಷ್ಟು ದೊಡ್ಡ ಕ್ರೇನ್ ಕುಣಿಸಿದೀಯ, ಈಗ ನಿಂಗೇನು ರೋಗ?" ಎಂದು ಜೊತೆಯ ಕೆಲಸಗಾರರೊಬ್ಬರು ಕೆಣಕಿದರು. ಎಲ್ಲರೂ ನಕ್ಕರು. ಕೊನೆಗೆ ಎದ್ದು ಬಂದವರು ನಡುವೆ ನಿಲ್ಲಲಿಲ್ಲ. ಜೋಡಿ ಕುಣಿತದ ರೂಢಿಯಂತೆ ಎಡಕ್ಕೆ ಸರಿದು ನಿಂತರು.

ಗೇಮ್ ಇನ್ನೂ ಇಬ್ಬರ ಆಟದಲ್ಲೇ ಇತ್ತು. ಎರಡೂ ಕಡೆ ಯಾರಾದರೂ ಕೈ ಎತ್ತದೆ ಅದು ಶುರುವಾಗುವುದಿಲ್ಲ. ಬದಲಾಯಿಸಲು ನಾನು ಬಗ್ಗಿದೆ. ಗಂಗಾಧರಪ್ಪ ಕೈ ಎತ್ತಿದರು, ಟಿವಿಯ ಎಡಗಡೆ ಹಸಿರು ಗುರುತು ಬಂತು. ಕ್ಷಣ ಬಿಟ್ಟು ಬಲಗಡೆಯೂ ಬಂತು. ಹಾಡು ಶುರುವಾಯಿತು.

ಬಲಗಡೆ ಯಾರೂ ಇರಲಿಲ್ಲ. ಟಿವಿಯಲ್ಲೂ ಅಲ್ಲಿ ಕಂಡದ್ದು ಬರೀ ಗೋಡೆ. ಆದರೂ ಚುಕ್ಕಿಗಳು ಒಂದಾದ ಮೇಲೊಂದು ಒಡೆಯುತ್ತಿದ್ದವು. ಜನ ಅದು ನನ್ನದೇ ಕರಾಮತ್ತು ಎಂದುಕೊಂಡು ಚಪ್ಪಾಳೆ ತಟ್ಟಿದರು. ನಾನು ಫ್ಯಾನ್ ನೋಡಿದೆ, ನಿಂತಿತ್ತು. ಕರ್ಟನ್ ಗಂಟು ಹಾಗೇ ಇತ್ತು. ಇನ್ನೊಂದು ವಿಷಯ ಗಮನಿಸಿದೆ: ಎಡಗಡೆಯವು ತಾಳಕ್ಕೆ ಸರಿಯಾಗಿ ಒಡೆದರೆ ಬಲಗಡೆಯವು ಪ್ರತಿ ಸಲವೂ ಒಂದು ಚೂರು ತಡ. ಗಂಗಾಧರಪ್ಪ ಕಣ್ಣು ಕೀಳದೆ ಅದನ್ನೇ ನೋಡುತ್ತಾ ಮೈಬಿಟ್ಟು ಕುಣಿಯತೊಡಗಿದರು. ಕುಣಿತದ ನಡುವೆ ಬಲಗಡೆಯ ಖಾಲಿ ಜಾಗದ ಕಡೆ ತಿರುಗಿ, "ಇವತ್ತೂ ಲೇಟೇ ಏನೋ ನೀನು" ಅಂದರು.

ಗಿರಿಜಮ್ಮ ನನ್ನ ತೋಳು ಹಿಡಿದರು. "ಮುನುಸ್ವಾಮಣ್ಣ ಹಂಗೇನೇ. ತಮಟೆ ಏಟು ಬಿದ್ಮೇಲೇ ಅವ್ರ ಕೈ ಏಳೋದು."

ಹಾಡು ಮುಗಿದದ್ದೇ ಗಂಗಾಧರಪ್ಪ ಒಂದು ಡಬ್ಬಿಗೆ ಲಾಡು ತುಂಬಿಕೊಂಡು ಹೊರಟರು. ಬಾಗಿಲಲ್ಲಿ ನಿಂತು, "ಒಬ್ನೇ ಹೋಗಕ್ಕೆ ಧೈರ್ಯ ಇಲ್ಲ, ನೀನೂ ಬಾ ತಮ್ಮಾ" ಎಂದರು. ಹೋದೆ.

ಮುನುಸ್ವಾಮಿಯ ಹೆಂಡತಿ ಒದ್ದೆ ಬನಿಯನ್ ಒಂದನ್ನು ಹಿಂಡುತ್ತಿದ್ದರು. "ಬನ್ನಿ ಅಣ್ಣಾ, ಈಗ ದಾರಿ ಗೊತ್ತಾಯ್ತಾ? ಇವ್ರನ್ನ ನೋಡಿ, ಫ್ಯಾನ್ ಕೆಳಗೆ ಮಲಗಿದ್ರೂ ಮೈಯೆಲ್ಲ ನೀರು. ಈಗಷ್ಟೇ ಒರೆಸಿ ಬಟ್ಟೆ ಬದಲಾಯ್ಸಿದೆ. ಮಲಗಿದಲ್ಲೇ ಏನು ಮೂಟೆ ಹೊತ್ರೋ" ಎಂದರು.

ಗಂಗಾಧರಪ್ಪ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಮಂಚದ ಅಂಚಿನಲ್ಲಿ ಕೂತು ಗೆಳೆಯನ ಕೈ ಹಿಡಿದುಕೊಂಡರು. "ಸ್ಟೆಪ್ ಮರೆತಿಲ್ಲ ಕಣೋ ನೀನು." ಮುನುಸ್ವಾಮಿಯ ಬಾಯಿ ಒಂದು ಕಡೆಗೆ ಮಾತ್ರ ಅರಳಿತು. ನಾನು ಡಬ್ಬಿಯನ್ನು ಅಲ್ಲಿಟ್ಟು ಹೊರಗೆ ಬಂದೆ.

ಮರುದಿನ ಅಂಗಡಿಯಲ್ಲಿ ಕ್ಯಾಮೆರಾ ಬಿಚ್ಚಿದೆ, ವೈರ್ ಬದಲಾಯಿಸಿದೆ, ಖಾಲಿ ಕೋಣೆಯ ಎದುರು ಇಟ್ಟು ನೋಡಿದೆ. ಒಂದು ಚುಕ್ಕಿಯೂ ಒಡೆಯಲಿಲ್ಲ. ಹಾಡಿನ ಸದ್ದು ಹಿಂದಿನ ಸಾಲಿಗೆ ಕೇಳಿಸಿರಬಹುದು, ಒಪ್ಪುತ್ತೇನೆ. ಸೆಕೆಗೆ ಬೆವರಿರಲೂಬಹುದು. ಆದರೆ ಮಷಿನ್ ತಪ್ಪು ಮಾಡಿದ್ದರೆ ಹೇಗೆ ಬೇಕೋ ಹಾಗೆ ಮಾಡಬೇಕಿತ್ತು. ಪ್ರತಿ ಏಟಿಗೂ ಅಷ್ಟೇ ತಡವಾಗಿ ಯಾಕೆ? ಎಷ್ಟೋ ಟಿವಿಗಳ ರೋಗ ಕಂಡುಹಿಡಿದ ನನಗೆ ಇದರ ಕಾರಣ ಇವತ್ತಿಗೂ ಸಿಕ್ಕಿಲ್ಲ. ಆ ಇಬ್ಬರನ್ನು ಒಂದೇ ಮಂಚದಲ್ಲಿ ಸೇರಿಸಿದ್ದು ನಾನು ಹೊತ್ತು ತಂದ ಮಷಿನ್ ಎಂಬುದಷ್ಟೇ ಗೊತ್ತು.

ಈಗ ನನಗೆ ಎರಡು ಅಂಗಡಿ, ಒಂದು ಗೂಡ್ಸ್ ಆಟೊ, ಆರು ಜನ ಕೆಲಸದವರು, ಒಂದು ಸ್ವಂತ ಮನೆ. ಆ ಹಳೆಯ ಗೇಮ್ ಒಂದು. ಅದನ್ನು ಬಾಡಿಗೆಗೆ ಕೊಡುವುದಿಲ್ಲ.