ಬರಿಗೈಯಲ್ಲಿ ಅರೆದ ಮುಲಾಮು

ಮೆಡಿಕಲ್ ಶಾಪ್ ಅಂಕಲ್‌ರ ಬಲಗೈ ಉಗುರುಗಳ ಸುತ್ತ ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗದ ಕಪ್ಪು ಗೆರೆಯಿತ್ತು. ಹತ್ತಿರ ಬಂದರೆ ಹೊಸ ಡಾಂಬರು ರಸ್ತೆಯ ವಾಸನೆ, ಬೀರುವಿನ ನುಸಿಗುಳಿಗೆಯ ವಾಸನೆ ಎರಡೂ ಬೆರೆತು ಮೂಗಿಗೆ ಹೊಡೆಯುತ್ತಿತ್ತು. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯಿಂದ ನಾಲ್ಕು ಹೆಜ್ಜೆಯ ಆ ಅಂಗಡಿಗೆ ಅಮ್ಮ ನನ್ನನ್ನು ಎಳೆದುಕೊಂಡು ಹೋದಾಗ ನಾನು ಪಿಯುಸಿ. ಮೊಣಕೈ, ಮೊಣಕಾಲು, ತಲೆ, ಎಲ್ಲೆಲ್ಲೂ ಚರ್ಮ ಹೊಟ್ಟುಹೊಟ್ಟಾಗಿ ಉದುರುವ ಸೋರಿಯಾಸಿಸ್. ನಾನು ಕೂತೆದ್ದ ಬೆಂಚನ್ನು ಹುಡುಗಿಯರು ಪುಸ್ತಕದಿಂದ ಕೊಡವಿ ಕೂರುತ್ತಿದ್ದರು. ಸಾಕಪ್ಪಾ ಈ ಜನ್ಮ ಅನ್ನಿಸಿಬಿಟ್ಟಿತ್ತು.

ಡಾಕ್ಟರ ಚೀಟಿ ನೋಡಿ ಅಂಕಲ್ ಗಾಜಿನ ಹಲಗೆ ತೆಗೆದರು. ಕೋಲ್ ಟಾರ್, ಸ್ಯಾಲಿಸಿಲಿಕ್ ಆಸಿಡ್ ಪುಡಿ, ಪ್ಯಾರಾಫಿನ್. ಚಪ್ಪಟೆ ಚಾಕುವಿನಿಂದ ಅರೆಯುತ್ತಾ ನಡುನಡುವೆ ಬೆರಳಲ್ಲಿ ಒತ್ತಿ ನೋಡುತ್ತಿದ್ದರು.

"ಗ್ಲೌಸ್ ಹಾಕ್ಕೊಳ್ಳಿ ಅಂಕಲ್."

"ತರಿ ಉಳಿದಿದ್ಯಾ ಅಂತ ಬೆರಳಿಗೇ ಗೊತ್ತಾಗೋದು ಕಣಮ್ಮ. ಉಳಿದ್ರೆ ನಿನ್ನ ಚರ್ಮ ಗೀರುತ್ತೆ."

ನಾನು ಸೈನ್ಸ್ ಹುಡುಗಿ, ಇದೇನು ಅದೇನು ಎಂದು ಕೇಳದೆ ಬಿಡುತ್ತೇನೆಯೇ? "ಕಲ್ಲಿದ್ದಲನ್ನ ಗಾಳಿ ತಾಗದ ಹಾಗೆ ಕಾಯಿಸಿದ್ರೆ ಇಳಿಯೋ ರಸ ಈ ಟಾರು. ಒಳಗೆ ಏನೇನೋ ಸಾವಿರ ಪದಾರ್ಥ. ನಿನ್ನ ಚರ್ಮ ಅವಸರವಾಗಿ ಬೆಳೀತಿದೆಯಲ್ಲ, ಅದಕ್ಕೆ ಕಡಿವಾಣ ಹಾಕುತ್ತೆ. ಬೆಂಜೋಪೈರೀನ್ ಅಂತಲೂ ಒಂದಿದೆ, ಅದು ಕ್ಯಾನ್ಸರ್ ತರೋದು. ಕಾರ್ಖಾನೇಲಿ ವರ್ಷಗಟ್ಲೆ ಇದರಲ್ಲೇ ಕೈಯಾಡಿಸಿದವರಿಗೆ ಬಂದಿದೆ. ನೀನು ಹಚ್ಚೋದು ಚೂರು, ಹೆದರ್ಬೇಡ."

"ಕೆಟ್ಟದ್ದನ್ನ ಬೇರೆ ಮಾಡಿ ಕೊಡಿ ಮತ್ತೆ."

"ಅಷ್ಟು ಬರೋ ಹಾಗಿದ್ರೆ ಇಲ್ಲಿ ಯಾಕೆ ಕೂತಿರ್ತಿದ್ದೆ?" ಎಂದು ನಕ್ಕರು.

ಇಷ್ಟೆಲ್ಲ ಹೇಳಿದವರು ಒಂದು ಮಾತು ಮರೆತರು. ಭಾನುವಾರ ಅಮ್ಮ, ಎಣ್ಣೆಸ್ನಾನಕ್ಕೆ ಎಣ್ಣೆ ಬಳಿಯುವ ಹಾಗೆ ಮೈಗೆಲ್ಲ ಮುಲಾಮು ಬಳಿದು, "ಚೆನ್ನಾಗಿ ಹೀರ್ಕೊಳ್ಳಲಿ" ಎಂದು ತಾರಸಿಯ ಬಿಸಿಲಿನಲ್ಲಿ ಕೂರಿಸಿದಳು. ಟಾರ್ ಹಚ್ಚಿದ ಚರ್ಮಕ್ಕೆ ಬಿಸಿಲು ಆಗದು. ಸಂಜೆಯ ಹೊತ್ತಿಗೆ ಮೈಯೆಲ್ಲ ಉರಿ, ಮಾರನೆಯ ದಿನ ಬೊಬ್ಬೆ. ಸುದ್ದಿ ತಿಳಿದು ಅಂಕಲ್ ಮನೆಗೇ ಬಂದರು. "ನನ್ ತಪ್ಪು ತಾಯಿ. ಬಿಸಿಲು ಬೇಡ ಅಂತ ಹೇಳ್ಬೇಕಿತ್ತು" ಎಂದು ಅಮ್ಮನಿಗೆ ಕೈಮುಗಿದರು. ಬೈಯಲು ಎದ್ದುಬಂದಿದ್ದ ಅಮ್ಮ ಅವರಿಗೆ ಕುರ್ಚಿ ಎಳೆದು ಹಾಕಿದಳು.

ಆ ತಪ್ಪನ್ನು ತೀರಿಸುವವರಂತೆ ಅವರು ನನ್ನ ಮುಲಾಮನ್ನು ಇನ್ನೂ ಹೆಚ್ಚು ಹೊತ್ತು ಅರೆಯತೊಡಗಿದರು. ನಿಧಾನಕ್ಕೆ ರೋಗ ಅಡಗಿತು. ಮುಂದೆ ವರ್ಷಗಟ್ಟಲೆ, ಮರುಕಳಿಸಿದಾಗಲೆಲ್ಲ ಮತ್ತೆ ಅವರ ಬಳಿಗೇ ಓಡುತ್ತಿದ್ದೆ. ಕಂಪನಿಯ ಟ್ಯೂಬುಗಳು ಬಂದ ಮೇಲೂ ಅವು ಒಗ್ಗದ ನಮ್ಮಂಥ ನಾಲ್ಕಾರು ಜನಕ್ಕೆ ಅರೆಯುವುದನ್ನು ಬಿಡಲಿಲ್ಲ.

ಹೋದ ವರ್ಷ ಅವರ ತೋರುಬೆರಳಿನಲ್ಲೊಂದು ಹುಣ್ಣು ಎದ್ದಿತು, ಮಾಯಲಿಲ್ಲ. ಕ್ಯಾನ್ಸರ್. ಬೆರಳು ತೆಗೆಯುವಷ್ಟರಲ್ಲಿ ಕಂಕುಳಿಗೆ ಹರಡಿತ್ತು.

ಆಸ್ಪತ್ರೆಯಲ್ಲಿ ತಡೆಯಲಾರದೆ ಕೇಳಿಬಿಟ್ಟೆ. "ಟಾರಿಂದಾನಾ ಅಂಕಲ್?"

"ಡಾಕ್ಟರಿಗೇ ಹೇಳಕ್ಕಾಗ್ತಿಲ್ಲ. ವಯಸ್ಸಾದ್ರೂ ಬರುತ್ತೆ. ನೀನು ಮನಸ್ಸಿಗೆ ಹಚ್ಕೋಬೇಡ."

ಹಚ್ಚಿಕೊಂಡಿದ್ದೇನೆ. ಗ್ಲೌಸ್ ಹಾಕಿಕೊಳ್ಳದೆ ಕೊಡಬೇಡಿ ಎಂದು ಒಂದು ದಿನವಾದರೂ ಹಟ ಹಿಡಿದೆನೇ? ಮುಲಾಮಿನ ಡಬ್ಬಿ ಸಿಕ್ಕರೆ ಸಾಕಾಗಿತ್ತು ನನಗೆ.

ಅಂಕಲ್ ತೀರಿಕೊಂಡ ಹನ್ನೊಂದನೆಯ ದಿನ ಅವರ ಮನೆಗೆ ಹೋದೆ. ಆಂಟಿ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ತೋಳು ಹಿಡಿದರು. "ಆ ಹುಡುಗಿ ಕೈ ನೋಡ್ಬೇಕು ಕಣೇ ನೀನು ಅಂತ ಯಾವಾಗ್ಲೂ ಹೇಳೋರು" ಎಂದರು. ಮೊಣಕೈಯಿಂದ ಮುಂಗೈವರೆಗೆ ಸವರಿದರು, ಮತ್ತೆ ಸವರಿದರು. "ಎಷ್ಟು ನುಣುಪಾಗಿದೆ."

ಕೈ ಬಿಡಿಸಿಕೊಳ್ಳಲು ನನ್ನಿಂದ ಆಗಲಿಲ್ಲ.